ಕೊರಳಲ್ಲಿ ಪೈಪ್ ಇರುವವರನ್ನು ಮನೆಗೆ ಕಳಿಸುವ ಮುಂಚೆ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ,
ಹಾಗೂ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳು

ಮಾನ್ಯರೇ,

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಟ್ರೆಕಿಯೋಸ್ಟಮಿ ಆಗಿ ಉಸಿರಾಡಲು ಕೊರಳಲ್ಲಿ ಪೈಪ್ ಇರುವ ಯಾವ ರೋಗಿಯನ್ನೂ ಸುಮ್ನೆ ಡಿಸ್ಚಾರ್ಜ್ ಮಾಡಿ ಕಳಿಸಬೇಡಿ. ಮನೆಯ ಇಬ್ಬರಾದರೂ ಆ ಪೈಪನ್ನು ತಮ್ಮ ಕೈಯಿಂದಲೇ ಕ್ಲೀನ್ ಮಾಡಿ, ಸಕ್ಷನ್ ಮಾಡಿ (ಅಂದರೆ ಒಳಗಿನ ಕಫ ಎಳೆದು ತೆಗೆದು) ನರ್ಸ್ ಎದುರು ತೋರಿಸಿರಬೇಕು. ಬೇಕಾದ ಸಾಮಾನು ಅವರ ಚೀಲದಲ್ಲಿ ಇರಬೇಕು. ಇವೆರಡೂ ಆಗದೆ ಡಿಸ್ಚಾರ್ಜ್ ಇಲ್ಲ ಅಂತ ಒಂದು ಆದೇಶ ಹೊರಡಿಸಿ. ಅದು ಸರ್ಕಾರಿ ಆಸ್ಪತ್ರೆಗೂ ಅನ್ವಯಿಸಲಿ, ಖಾಸಗಿ ಆಸ್ಪತ್ರೆಗೂ ಅನ್ವಯಿಸಲಿ.

ನಾನು ವಿಜಯಪುರದಲ್ಲಿ ಐಸಿಯು ನರ್ಸ್. ಹುಟ್ಟಿದ್ದು ಬೀಳಗಿ ತಾಲೂಕಿನಲ್ಲಿ. ಕೆಲಸಕ್ಕೆ ಸೇರಿದಾಗಿನಿಂದ ಇಂಥ ರೋಗಿಗಳನ್ನು ನೋಡುತ್ತಲೇ ಬಂದಿದ್ದೇನೆ. ಆಪರೇಷನ್ ಚೆನ್ನಾಗಿ ಆಗಿರುತ್ತದೆ. ವೆಂಟಿಲೇಟರ್ ಬಿಟ್ಟು, ಕಣ್ಣು ತೆರೆದು, ಮನೆಯವರನ್ನು ಗುರುತು ಹಿಡಿದು ಊರಿಗೆ ಹೋಗಿರುತ್ತಾರೆ. ಅವರಲ್ಲಿ ಕೆಲವರು ವಾಪಸ್ ಬಂದ ಸ್ಥಿತಿ ನೋಡಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ಈ ಪತ್ರವನ್ನು ಸಾಮಾನ್ಯ ಜನರೂ ಓದಲಿ ಅಂತ ನನ್ನ ಆಸೆ. ಹಾಗಾಗಿ ವಿಷಯವನ್ನು ಬುಡದಿಂದ ಹೇಳುತ್ತೇನೆ.

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಉಸಿರುನಾಳಕ್ಕೆ ಒಂದು ರಂಧ್ರ ಮಾಡಿ ಪೈಪ್ ಇಡುವುದೇ ಟ್ರೆಕಿಯೋಸ್ಟಮಿ. ಉಸಿರುನಾಳಕ್ಕೆ ಮೆದು ಎಲುಬಿನ ಉಂಗುರಗಳಿರುತ್ತವೆ. ಸಾಮಾನ್ಯವಾಗಿ ಎರಡನೇ ಮತ್ತು ನಾಲ್ಕನೇ ಉಂಗುರದ ನಡುವೆ ಈ ದಾರಿ ಮಾಡುತ್ತಾರೆ. ಆಮೇಲೆ ರೋಗಿ ಮೂಗಿನಿಂದ ಉಸಿರಾಡುವುದಿಲ್ಲ, ಕೊರಳಿನಿಂದ ಉಸಿರಾಡುತ್ತಾನೆ. ವೆಂಟಿಲೇಟರ್ ಮೇಲೆ ಬಹಳ ದಿನ ಇರಬೇಕಾದವರಿಗೆ, ಪ್ರಜ್ಞೆ ಇಲ್ಲದೆ ಕಫ ಹೊರಹಾಕಲು ಆಗದವರಿಗೆ, ಗಂಟಲಲ್ಲಿ ಗಡ್ಡೆ ಬೆಳೆದು ದಾರಿ ಮುಚ್ಚಿದವರಿಗೆ ಇದನ್ನು ಮಾಡುತ್ತಾರೆ. ಇದು ಜೀವ ಉಳಿಸುವ ಆಪರೇಷನ್. ಈ ಪತ್ರ ಓದಿ ಯಾರೂ ಇದಕ್ಕೆ ಹೆದರಿ ಬೇಡ ಅನ್ನಬಾರದು.

ನಮ್ಮ ಭಾಗದಲ್ಲಿ ಯಾರಿಗೆ ಇದು ಆಗುತ್ತದೆ ಅಂತ ನನ್ನ ವಾರ್ಡ್ ನೋಡಿದರೆ ಗೊತ್ತಾಗುತ್ತದೆ. ಹೆಲ್ಮೆಟ್ ಇಲ್ಲದೆ ಬೈಕಿನಲ್ಲಿ ಹೋಗಿ, ರಾತ್ರಿ ಹಿಂದೆ ಲೈಟ್ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಟ್ರೇಲರ್‌ಗೆ ಗುದ್ದಿ ತಲೆಗೆ ಪೆಟ್ಟು ಮಾಡಿಕೊಂಡ ಹುಡುಗರು. ದ್ರಾಕ್ಷಿ ತೋಟಕ್ಕೆ ಹೊಡೆಯುವ ಎಣ್ಣೆ ಕುಡಿದವರು. ಆ ಎಣ್ಣೆಯಲ್ಲಿರುವ ಆರ್ಗನೋಫಾಸ್ಫೇಟ್ ಎಂಬ ಕೀಟನಾಶಕ ವಿಷ ಉಸಿರಾಟದ ಸ್ನಾಯುಗಳನ್ನೇ ಸುಸ್ತು ಮಾಡುತ್ತದೆ, ವಾರಗಟ್ಟಲೆ ವೆಂಟಿಲೇಟರ್ ಬೇಕಾಗುತ್ತದೆ. ಲಕ್ವ ಹೊಡೆದವರು. ತಂಬಾಕಿನಿಂದ ಗಂಟಲ ಕ್ಯಾನ್ಸರ್ ಆದವರು. ಇವರಲ್ಲಿ ಮುಕ್ಕಾಲು ಪಾಲು ಜನ ಮನೆಗೆ ದುಡಿದು ಹಾಕುವವರು. ಅವರನ್ನು ನೋಡಿಕೊಳ್ಳುವ ಹೆಂಡತಿ, ತಾಯಿ, ಅಕ್ಕ ಆಸ್ಪತ್ರೆಯಲ್ಲಿ ಹೆಚ್ಚಾಗಿ ಐಸಿಯು ಬಾಗಿಲ ಹೊರಗೇ ಕೂತಿರುತ್ತಾರೆ. ಮನೆಗೆ ಹೋದ ಮೇಲೆ ಎಲ್ಲ ಕೆಲಸ ಅವರದೇ.

ಆಪರೇಷನ್ ನಡೆಯುವಾಗ ಆಗಬಹುದಾದ ತೊಂದರೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಕ್ತಸ್ರಾವ ಆಗಬಹುದು, ಯಾಕಂದರೆ ಥೈರಾಯ್ಡ್ ಗ್ರಂಥಿಯ ಒಂದು ಭಾಗ ಅಲ್ಲೇ ಅಡ್ಡ ಇರುತ್ತದೆ. ಶ್ವಾಸಕೋಶದ ಹೊರಗೆ ಗಾಳಿ ತುಂಬಿಕೊಳ್ಳಬಹುದು. ಚಿಕ್ಕ ಮಕ್ಕಳಲ್ಲಿ ಶ್ವಾಸಕೋಶದ ತುದಿ ಕೊರಳಿಗೆ ಹತ್ತಿರ ಇರುವುದರಿಂದ ಈ ಅಪಾಯ ಹೆಚ್ಚು. ಗಾಯವನ್ನು ಬಿಗಿಯಾಗಿ ಹೊಲಿದರೆ ಚರ್ಮದ ಕೆಳಗೆ ಗಾಳಿ ಸೇರಿ ಕೊರಳು, ಮುಖ ಊದುತ್ತದೆ. ಮುಟ್ಟಿದರೆ ಚರಚರ ಅನ್ನುತ್ತದೆ. ಇವೆಲ್ಲ ಆದಾಗ ಸರ್ಜನ್ ಅಲ್ಲೇ ಇರುತ್ತಾರೆ, ಅರಿವಳಿಕೆ ಡಾಕ್ಟರ್ ಅಲ್ಲೇ ಇರುತ್ತಾರೆ. ನನ್ನ ಚಿಂತೆ ಅವರು ಪಕ್ಕದಲ್ಲಿ ಇಲ್ಲದ ಹೊತ್ತಿನದು.

ಮೊದಲ ಒಂದು ವಾರವನ್ನೇ ತೆಗೆದುಕೊಳ್ಳಿ. ಆಗ ಕೊರಳಿನ ದಾರಿ ಇನ್ನೂ ಗಟ್ಟಿ ಆಗಿರುವುದಿಲ್ಲ. ರೋಗಿಯನ್ನು ಮಗ್ಗುಲು ಬದಲಿಸುವಾಗಲೋ, ಸ್ಕ್ಯಾನ್‌ಗೆ ಕರೆದೊಯ್ಯುವಾಗಲೋ ಪೈಪ್ ಜಾರಿದರೆ ಆ ದಾರಿ ತಕ್ಷಣ ಮುಚ್ಚಿಕೊಳ್ಳಬಹುದು. ಗಾಬರಿಯಲ್ಲಿ ಯಾರಾದರೂ ಪೈಪನ್ನು ಕಣ್ಣುಮುಚ್ಚಿ ಒಳಗೆ ತಳ್ಳಿದರೆ ಅದು ಉಸಿರುನಾಳಕ್ಕೆ ಹೋಗದೆ ಅದರ ಮುಂದಿನ ಮಾಂಸದೊಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಪೈಪ್ ಸರಿಯಾಗಿಯೇ ಕೂತ ಹಾಗೆ ಕಾಣುತ್ತದೆ. ರೋಗಿ ಮಾತ್ರ ನೀಲಿ ಆಗುತ್ತಾ ಹೋಗುತ್ತಾನೆ. ಆ ಹೊತ್ತಿಗೆ ಮಾಡಬೇಕಾದದ್ದು ಕೊರಳಿನ ರಂಧ್ರ ಮುಚ್ಚಿ ಮೇಲಿನಿಂದ, ಬಾಯಿಯ ಮೂಲಕ ಉಸಿರು ಕೊಡುವುದು. ಮೇಲಿನ ದಾರಿ ತೆರೆದಿದ್ದರೆ ಮಾತ್ರ ಅದು ಸಾಧ್ಯ. ತೆರೆದಿದೆಯೋ ಇಲ್ಲವೋ ಅನ್ನುವುದು ಮಂಚದ ತಲೆಭಾಗದಲ್ಲಿ ದೊಡ್ಡದಾಗಿ ಬರೆದಿರಬೇಕು.

ಬ್ರಿಟನ್ನಿನಲ್ಲಿ 2011ರಲ್ಲಿ ನ್ಯಾಪ್ 4 ಎಂಬ ವರದಿ ಬಂತು. ಇಡೀ ದೇಶದ ಆಸ್ಪತ್ರೆಗಳಲ್ಲಿ ಉಸಿರಿನ ದಾರಿಗೆ ಸಂಬಂಧಿಸಿದ ದೊಡ್ಡ ಅವಘಡಗಳನ್ನು ಅರಿವಳಿಕೆ ತಜ್ಞರು ಒಟ್ಟುಮಾಡಿ ನೋಡಿದರು. ಐಸಿಯುಗಳಲ್ಲಿ ಇಂಥ ಅವಘಡಗಳಿಂದ ಆದ ಸಾವು, ಮೆದುಳಿನ ಹಾನಿಗೆ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಸಿಕ್ಕಿದ್ದು ಜಾರಿದ ಟ್ರೆಕಿಯೋಸ್ಟಮಿ ಪೈಪ್. ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡ್ ತೋರಿಸುವ ಮಾನಿಟರ್ ಇದ್ದಿದ್ದರೆ ಪೈಪ್ ತಪ್ಪು ಜಾಗದಲ್ಲಿದೆ ಅಂತ ಕೂಡಲೇ ಗೊತ್ತಾಗುತ್ತಿತ್ತು ಎಂದೂ ಆ ವರದಿ ಹೇಳಿತು. ಆ ದೇಶದವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. 2012ರಲ್ಲಿ ಒಂದು ಸರಳ ವಿಧಾನ ಮಾಡಿ ಹಂಚಿದರು. ಮೇಲಿನ ದಾರಿ ಇರುವ ರೋಗಿಯ ಮಂಚಕ್ಕೆ ಹಸಿರು ಹಾಳೆ, ಧ್ವನಿಪೆಟ್ಟಿಗೆ ಪೂರ್ತಿ ತೆಗೆದಿರುವ ರೋಗಿಯ ಮಂಚಕ್ಕೆ ಕೆಂಪು ಹಾಳೆ. ತುರ್ತಿನಲ್ಲಿ ಮೊದಲು ಏನು, ಆಮೇಲೆ ಏನು ಅಂತ ಆ ಹಾಳೆಯೇ ಹೇಳುತ್ತದೆ. ಒಂದು ಬಣ್ಣದ ಪ್ರಿಂಟ್‌ಗೆ ಎಷ್ಟು ಖರ್ಚಾಗುತ್ತದೆ ಹೇಳಿ? ನಮ್ಮ ಮೂರೂ ಜಿಲ್ಲೆಗಳ ಪ್ರತಿ ಐಸಿಯುನಲ್ಲಿ, ಪ್ರತಿ ವಾರ್ಡಿನಲ್ಲಿ ಇದು ಕನ್ನಡದಲ್ಲಿ ಇರಬೇಕು.

ಈಗ ಮನೆಯ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ನೋವು ಕೊಡುವುದು ಇದೇ.

ಮೂಗು ಸುಮ್ನೆ ಇರುವ ಅಂಗ ಅಲ್ಲ. ಒಳಗೆ ಹೋಗುವ ಗಾಳಿಯನ್ನು ಅದು ಬೆಚ್ಚಗೆ ಮಾಡುತ್ತದೆ, ಹಸಿ ಮಾಡುತ್ತದೆ, ಧೂಳು ಹಿಡಿಯುತ್ತದೆ. ಕೊರಳಿನಿಂದ ಉಸಿರಾಡುವವರಿಗೆ ಈ ಮೂರೂ ಇಲ್ಲ. ಈಗ ನಮ್ಮ ಊರುಗಳನ್ನು ನೆನಪು ಮಾಡಿಕೊಳ್ಳಿ. ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಹನಿ ತೇವ ಇರುವುದಿಲ್ಲ. ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬಿನ ರವದಿ ಸುಡುವ ಹೊಗೆ, ಕಾರ್ಖಾನೆಯ ಬೂದಿ. ಒಲೆಯ ಹೊಗೆ ಬೇರೆ. ಇಂಥ ಗಾಳಿ ನೇರವಾಗಿ ಪೈಪಿನೊಳಗೆ ಹೋದರೆ ಕಫ ಒಣಗುತ್ತದೆ, ಪದರ ಪದರವಾಗಿ ಅಂಟಿಕೊಳ್ಳುತ್ತದೆ. ಒಂದು ದಿನ ಪೈಪ್ ಪೂರ್ತಿ ಕಟ್ಟಿಕೊಳ್ಳುತ್ತದೆ.

ಅದು ಹೇಗಿರುತ್ತದೆ ಅಂತ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಇಪ್ಪತ್ತು ದಾಟಿದ ಹುಡುಗ. ಬೈಕ್ ಅಪಘಾತ, ತಲೆಗೆ ಪೆಟ್ಟು. ಬೇರೆ ಊರಿನ ಒಂದು ಆಸ್ಪತ್ರೆಯಲ್ಲಿ ಟ್ರೆಕಿಯೋಸ್ಟಮಿ ಮಾಡಿಸಿಕೊಂಡು, ಚೇತರಿಸಿಕೊಂಡು ಮನೆಗೆ ಹೋಗಿದ್ದ. ಅಕ್ಕ ನೋಡಿಕೊಳ್ಳುತ್ತಿದ್ದಳು. ಸಕ್ಷನ್ ಮಷಿನ್ ಬಾಡಿಗೆಗೆ ತಂದಿದ್ದರು. ರಾತ್ರಿ ಕರೆಂಟ್ ಹೋಯಿತು. ಕಫ ಗುರುಗುರು ಅನ್ನುತ್ತಿದೆ ಅಂತ ಅವಳಿಗೆ ಗೊತ್ತಾಗಿದೆ, ಏನು ಮಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಗಾಡಿ ಹುಡುಕಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಮೂಗು ಬಾಯಿಗೆ ಮಾಸ್ಕ್ ಇಟ್ಟು ಆಕ್ಸಿಜನ್ ಹಚ್ಚಿದರು. ಕೊರಳಿನ ಪೈಪಿಗೆ ಏನೂ ಮಾಡಲಿಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿ ಅಂದರು. ನಮ್ಮಲ್ಲಿಗೆ ಬಂದಾಗ "ಸಿಸ್ಟರ್, ಪೈಪ್ ಬಂದ್ ಆಗೈತ್ರಿ, ನೋಡ್ರಿ ಲಗೂನ" ಅಂತ ಅಕ್ಕ ಕೂಗುತ್ತಿದ್ದಳು. ಹುಡುಗನ ಹೃದಯ ಅದಾಗಲೇ ನಿಂತಿತ್ತು. ನಾವು ಮಾಡುವುದನ್ನೆಲ್ಲ ಮಾಡಿದೆವು. ಉಳಿಯಲಿಲ್ಲ.

ಆ ಪೈಪನ್ನು ತೆಗೆದ ಮೇಲೆ ಬೆಳಕಿಗೆ ಹಿಡಿದು ನೋಡಿದೆ. ಸವಳು ನೀರಿನ ಬೋರ್‌ವೆಲ್ ಪೈಪಿನಲ್ಲಿ ಸುಣ್ಣ ಕಟ್ಟಿದ ಹಾಗೆ ಒಳಗೆಲ್ಲ ಕಂದು ಬಣ್ಣದ ಗಟ್ಟಿ ಪದರ. ನಡುವೆ ಸೂಜಿ ಹೋಗುವಷ್ಟು ಮಾತ್ರ ಜಾಗ ಉಳಿದಿತ್ತು. ಅದು ಒಂದೇ ಪದರದ ಪೈಪ್. ಒಳಗೊಂದು ಹೊರಗೊಂದು ಇರುವ ಎರಡು ಪದರದ ಪೈಪ್ ಹಾಕಿ ಕಳಿಸಿದ್ದರೆ, ಅಕ್ಕ ಒಳಗಿನದನ್ನು ಎಳೆದು ತೆಗೆದಿದ್ದರೆ ಸಾಕಿತ್ತು, ಗಾಳಿ ಆಡುತ್ತಿತ್ತು. ಕರೆಂಟ್ ಬೇಕಿರಲಿಲ್ಲ. ಮಷಿನ್ ಬೇಕಿರಲಿಲ್ಲ. ಡಾಕ್ಟರೂ ಬೇಕಿರಲಿಲ್ಲ.

ಆ ಅಕ್ಕನ ಕೈಲಿದ್ದ ಡಿಸ್ಚಾರ್ಜ್ ಕಾರ್ಡ್ ಓದಿದೆ. ಅದರಲ್ಲಿ ಮಾತ್ರೆಗಳ ಪಟ್ಟಿ ಇತ್ತು, ಮುಂದಿನ ಭೇಟಿಯ ದಿನ ಇತ್ತು. ಪೈಪಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು, ಆರೈಕೆ ಮಾಡಿ ಅಂತ. ಹೇಗೆ ಅಂತ ಇರಲಿಲ್ಲ. ನಮ್ಮ ಗಡಿ ಭಾಗದವರು ಮಿರಜ್‌ಗೆ, ಸಾಂಗ್ಲಿಗೆ, ಸೊಲ್ಲಾಪುರಕ್ಕೆ ಹೋಗುತ್ತಾರೆ. ಅಲ್ಲಿಂದ ಬರುವ ಕಾಗದ ಕೆಲವು ಸಲ ಮರಾಠಿಯಲ್ಲಿ ಇರುತ್ತದೆ. ಓದಲು ಬಾರದ ತಾಯಿಗೆ ಯಾವ ಭಾಷೆಯಾದರೇನು ಅನ್ನಬಹುದು. ಅದಕ್ಕೇ ಹೇಳುತ್ತಿದ್ದೇನೆ, ಕಾಗದ ಸಾಲದು, ಕೈಯಿಂದ ಮಾಡಿಸಿ ಕಲಿಸಬೇಕು.

ಕಲಿಸಿದರೆ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದೇನೆ. ಇಂಡಿ ಕಡೆಯ ಒಬ್ಬ ತಾಯಿ, ಶಾಲೆಗೆ ಹೋದವರಲ್ಲ. ಮಗ ವಾರ್ಡಿನಲ್ಲಿ ಇದ್ದಾಗ ನಾವು ಅವರ ಕೈಗೇ ಸಕ್ಷನ್ ನಳಿಗೆ ಕೊಟ್ಟೆವು. ಮೊದಲ ಸಲ ಕೈ ನಡುಗಿತು. ಆಮೇಲೆ ನಮ್ಮಲ್ಲಿ ಹೊಸದಾಗಿ ಸೇರಿದ ನರ್ಸ್‌ಗಿಂತ ಚೆನ್ನಾಗಿ ಮಾಡತೊಡಗಿದರು. ಒಳಗಿನ ಪೈಪ್ ತೆಗೆದು, ಕಾಯಿಸಿ ಆರಿಸಿದ ನೀರಲ್ಲಿ ಸಣ್ಣ ಬ್ರಷ್ ಹಾಕಿ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆಯಿಂದ ಈ ಕಡೆ ಕಾಣುತ್ತದಾ ಅಂತ ನೋಡಿ, ಒರೆಸಿ, ವಾಪಸ್ ಹಾಕಿ ತಿರುವಿ ಲಾಕ್ ಮಾಡುವರು. ಆ ಹುಡುಗನ ಪೈಪ್ ಈಗ ತೆಗೆದಾಗಿದೆ. ಕೊರಳಲ್ಲಿ ಸಣ್ಣ ಕಲೆ ಉಳಿದಿದೆ. ಸೈಕಲ್ ರಿಪೇರಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಾನೆ.

ಮಾನ್ಯರೇ, ನಾನು ಕೇಳುವ ಸಾಮಾನು ದುಬಾರಿ ಅಲ್ಲ. ಅದೇ ಅಳತೆಯ ಇನ್ನೊಂದು ಪೈಪ್, ಒಂದು ಅಳತೆ ಚಿಕ್ಕದು ಇನ್ನೊಂದು. ಸಕ್ಷನ್ ನಳಿಗೆಗಳು. ಕಟ್ಟುವ ಟೇಪ್, ಕತ್ತರಿ, ತುದಿಯಲ್ಲಿ ಗಾಳಿ ಊದುವ ಬಲೂನ್ ಇರುವ ಪೈಪಾದರೆ 10 ಮಿ.ಲೀ. ಸಿರಿಂಜ್. ಪೈಪಿನ ಬಾಯಿಗೆ ಹಾಕಿದರೆ ಗಾಳಿಯ ತೇವ ಉಳಿಸುವ ಸಣ್ಣ ಫಿಲ್ಟರ್. ಕರೆಂಟ್ ಇಲ್ಲದಾಗಲೂ ನಡೆಯುವ ಕಾಲಿನಿಂದ ತುಳಿಯುವ ಸಕ್ಷನ್ ಮಷಿನ್. ಈ ಮಷಿನ್‌ಗಳನ್ನು ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಇಟ್ಟು, ಬೇಕಾದವರಿಗೆ ಎರವಲು ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಐಸಿಯುಗೆ ಅಷ್ಟು ಖರ್ಚು ಮಾಡಿ ಉಳಿಸಿದ ಜೀವ ಒಂದು ಬ್ರಷ್, ಒಂದು ನಳಿಗೆ ಇಲ್ಲದೆ ಹೋಗಬಾರದು ಅಲ್ವಾ? ಮನೆಗೆ ಬೇಕಾದ ಈ ಕಿಟ್ ಕೂಡ ಪ್ಯಾಕೇಜಿನ ಭಾಗ ಅಂತ ಸ್ಪಷ್ಟವಾಗಿ ಬರೆಯಿರಿ. ಮನೆಗೆ ಹೋಗುವ ರೋಗಿಗೆ ಎರಡು ಪದರದ ಪೈಪೇ ಹಾಕಬೇಕು ಅಂತಲೂ ಬರೆಯಿರಿ.

108ರ ಸಿಬ್ಬಂದಿ ಬಗ್ಗೆ ನನಗೆ ಬಹಳ ಗೌರವ ಇದೆ. 2008ರಿಂದ ಈ ಆಂಬುಲೆನ್ಸ್‌ಗಳು ನಮ್ಮ ಹಳ್ಳಿಗಳಿಂದ ಎಷ್ಟೋ ಜೀವಗಳನ್ನು ಹೊತ್ತು ತಂದಿವೆ. ಅವರಿಗೆ ಒಂದು ವಿಷಯ ಬೆರಳು ತೋರಿಸಿ ಕಲಿಸಬೇಕು. ಕೊರಳಲ್ಲಿ ಪೈಪ್ ಅಥವಾ ರಂಧ್ರ ಕಂಡರೆ ಆಕ್ಸಿಜನ್ ಕೊರಳಿಗೂ ಕೊಡಿ, ಮುಖಕ್ಕೂ ಕೊಡಿ. ಕ್ಯಾನ್ಸರ್‌ನಿಂದ ಧ್ವನಿಪೆಟ್ಟಿಗೆ ಪೂರ್ತಿ ತೆಗೆದವರಿಗೆ ಬಾಯಿಗೂ ಶ್ವಾಸಕೋಶಕ್ಕೂ ಸಂಬಂಧವೇ ಇರುವುದಿಲ್ಲ. ಅವರ ಮುಖಕ್ಕೆ ಎಷ್ಟು ಆಕ್ಸಿಜನ್ ಹಚ್ಚಿದರೂ ಒಂದು ಗುಟುಕು ಒಳಗೆ ಹೋಗುವುದಿಲ್ಲ. ಕೊರಳಿಗೆ ಮಾತ್ರ ಕೊಡಬೇಕು. ಚಿಕ್ಕ ಮಕ್ಕಳ ಮಾಸ್ಕ್ ಕೊರಳಿನ ಮೇಲೆ ಸರಿಯಾಗಿ ಕೂರುತ್ತದೆ, ಅದು ಆಂಬುಲೆನ್ಸ್‌ನಲ್ಲಿ ಇದ್ದೇ ಇರುತ್ತದೆ. ಒಳಗಿನ ಪೈಪ್ ತೆಗೆಯಿರಿ. ಸಕ್ಷನ್ ನಳಿಗೆ ಹೋಗುತ್ತದಾ ನೋಡಿ. ಹೋಗದಿದ್ದರೆ ಬಲೂನಿನ ಗಾಳಿ ಹೊರಗೆ ತೆಗೆಯಿರಿ. ಆಗಲೂ ಉಸಿರಾಡದಿದ್ದರೆ ಆ ಪೈಪನ್ನು ತೆಗೆದುಬಿಡಿ. ಕಟ್ಟಿಕೊಂಡ ಪೈಪ್ ಕೊರಳಲ್ಲಿ ಇರುವುದಕ್ಕಿಂತ ಪೈಪ್ ಇಲ್ಲದಿರುವುದೇ ಮೇಲು. ತಾಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ, ನರ್ಸ್‌ಗೆ ಇದು ಬಾಯಿಪಾಠ ಆಗಿರಬೇಕು. ಗೊಂಬೆ ಇಟ್ಟುಕೊಂಡು ಅರ್ಧ ದಿನದಲ್ಲಿ ಕಲಿಸಬಹುದಾದ ವಿಷಯ ಇದು.

ಇನ್ನು ನಿಧಾನವಾಗಿ ಬರುವ ತೊಂದರೆಗಳು. ಪೈಪಿನ ತುದಿಯಲ್ಲಿ ಒಂದು ಬಲೂನ್ ಇರುತ್ತದೆ. ವೆಂಟಿಲೇಟರ್ ಗಾಳಿ ಸೋರದಂತೆ ಅದನ್ನು ಊದುತ್ತಾರೆ. ಅದರ ಒತ್ತಡ 20ರಿಂದ 30 ಸೆಂ.ಮೀ. ನೀರಿನಷ್ಟು ಇರಬೇಕು. ಅದಕ್ಕಿಂತ ಜಾಸ್ತಿ ಆದರೆ ಉಸಿರುನಾಳದ ಒಳಪೊರೆಗೆ ರಕ್ತ ಹರಿಯುವುದು ಕಡಿಮೆ ಆಗುತ್ತದೆ, ಅಲ್ಲಿ ಹುಣ್ಣಾಗುತ್ತದೆ, ಹುಣ್ಣು ಮಾಯುವಾಗ ಆ ಜಾಗ ಕುಗ್ಗಿ ನಾಳ ಕಿರಿದಾಗುತ್ತದೆ. ಹೊರಗಿನ ಪುಟ್ಟ ಬಲೂನನ್ನು ಬೆರಳಲ್ಲಿ ಒತ್ತಿ ಸರಿ ಇದೆ ಅನ್ನುವ ಅಭ್ಯಾಸ ತುಂಬಾ ಕಡೆ ಇದೆ. ಬೆರಳಿಗೆ ಆ ಲೆಕ್ಕ ಸಿಗುವುದಿಲ್ಲ. ಅಳೆಯುವ ಮೀಟರ್ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಪ್ರತಿ ಐಸಿಯುನಲ್ಲಿ ಅದು ಇರಬೇಕು, ಪ್ರತಿ ಪಾಳಿಯಲ್ಲಿ ಅಳೆದು ಚಾರ್ಟಿನಲ್ಲಿ ಬರೆಯಬೇಕು. ಪರಿಶೀಲನೆಗೆ ಬರುವ ನಿಮ್ಮ ಅಧಿಕಾರಿಗಳು ಆ ಚಾರ್ಟ್ ಕೇಳಬೇಕು.

ಈ ಕಿರಿದಾಗುವಿಕೆ ಪೈಪ್ ತೆಗೆದು ವಾರಗಳೋ ತಿಂಗಳುಗಳೋ ಆದ ಮೇಲೆ ಕಾಣಿಸಿಕೊಳ್ಳುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ಕೂತಲ್ಲೇ ಕೊರ್ ಅಂತ ಶಬ್ದ. ಊರಿನಲ್ಲಿ ದಮ್ಮು ಅನ್ನುತ್ತಾರೆ, ಪಂಪ್ ಕೊಡುತ್ತಾರೆ, ಪಂಪಿನಿಂದ ಏನೂ ಆಗುವುದಿಲ್ಲ. ವೆಂಟಿಲೇಟರ್ ಮೇಲೆ ಇದ್ದು ಬಂದವರಿಗೆ ಹೊಸದಾಗಿ ದಮ್ಮು ಶುರುವಾದರೆ ಅದು ದಮ್ಮು ಅಲ್ಲದಿರಬಹುದು. ಕಿವಿ, ಮೂಗು, ಗಂಟಲ ಡಾಕ್ಟರ್ ದೂರ್ಬೀನು ಹಾಕಿ ನೋಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಇದೊಂದು ಮಾತು ಸುತ್ತೋಲೆಯಲ್ಲಿ ಹೋದರೂ ಎಷ್ಟೋ ಜನ ಸಕಾಲಕ್ಕೆ ಬರುತ್ತಾರೆ. ನಾಳ ಹೀಗೆ ಕಿರಿದಾಗುವುದು ಇವತ್ತಿನ ಸುದ್ದಿ ಏನಲ್ಲ. ಈ ಆಪರೇಷನ್‌ಗೆ 1909ರಲ್ಲಿ ಒಂದು ಕ್ರಮ ಹಾಕಿಕೊಟ್ಟ ಅಮೆರಿಕದ ಷೆವಾಲಿಯರ್ ಜಾಕ್ಸನ್, ತೀರಾ ಮೇಲೆ ಕೊಯ್ದರೆ ಧ್ವನಿಪೆಟ್ಟಿಗೆಯ ಬಳಿ ದಾರಿ ಕಿರಿದಾಗುತ್ತದೆ ಅಂತ 1921ರಲ್ಲೇ ಎಚ್ಚರಿಸಿದ್ದರು. ನೂರು ವರ್ಷ ದಾಟಿದೆ.

ರಕ್ತದ ವಿಷಯ ಒಂದು ಹೇಳಲೇಬೇಕು. ಉಸಿರುನಾಳದ ಮುಂದೆಯೇ ಎದೆಯಿಂದ ಮೇಲಕ್ಕೆ ಹೋಗುವ ಒಂದು ದೊಡ್ಡ ರಕ್ತನಾಳ ಇದೆ. ಪೈಪಿನ ತುದಿ ಅಥವಾ ಬಲೂನ್ ದಿನಗಟ್ಟಲೆ ಒತ್ತಿದರೆ ಅದಕ್ಕೆ ತೂತು ಬೀಳಬಹುದು. ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಹೀಗಾಗುತ್ತದೆ, ಆದವರು ಉಳಿಯುವುದು ಕಷ್ಟ. ಹೆಚ್ಚಾಗಿ ಮೊದಲ ಮೂರು ನಾಲ್ಕು ವಾರದಲ್ಲಿ. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಅನೇಕರಲ್ಲಿ ಸ್ವಲ್ಪವೇ ತಾಜಾ ರಕ್ತ ಬಂದು ನಿಂತುಬಿಡುತ್ತದೆ. "ನಿಂತೈತಲ್ಲ, ನಾಳೆ ನೋಡೋಣ" ಅನ್ನುವಂತಿಲ್ಲ. ಕಫದಲ್ಲಿ ಗೀರಿನಂತೆ ರಕ್ತ ಕಾಣುವುದು ಬೇರೆ, ಕೆಂಪು ರಕ್ತವೇ ಬರುವುದು ಬೇರೆ. ಎರಡನೆಯದಾದರೆ ಆ ಕ್ಷಣವೇ ಸರ್ಜನ್ ಇರುವ ಆಸ್ಪತ್ರೆಗೆ ಹೊರಡಬೇಕು.

ಹಿಂಭಾಗದಲ್ಲಿ ಅನ್ನನಾಳ ಇದೆ. ಒಂದು ಕಡೆ ಮೂಗಿನಿಂದ ಹಾಕಿದ ಊಟದ ನಳಿಗೆ, ಇನ್ನೊಂದು ಕಡೆ ಬಲೂನ್, ನಡುವೆ ಸಿಕ್ಕ ಗೋಡೆ ತೂತಾಗಬಹುದು. ಕುಡಿಸಿದ ಗಂಜಿ ಕೊರಳಿನ ಪೈಪಿನಲ್ಲಿ ಬಂದರೆ ಊಟ ನಿಲ್ಲಿಸಿ ಕರೆದುಕೊಂಡು ಬರಬೇಕು.

ಮಾತಿನ ವಿಷಯ ವರದಿಗಳಲ್ಲಿ ಕೊನೆಗೆ ಬರುತ್ತದೆ. ರೋಗಿಗೆ ಅದೇ ಮೊದಲನೆಯದು. ಬಲೂನ್ ಊದಿದ ಪೈಪ್ ಇದ್ದಾಗ ಗಾಳಿ ಧ್ವನಿಪೆಟ್ಟಿಗೆಗೆ ಹೋಗುವುದಿಲ್ಲ, ದನಿ ಬರುವುದಿಲ್ಲ. ಎಚ್ಚರ ಇದ್ದೂ ಯಾರನ್ನೂ ಕರೆಯಲು ಆಗದೆ ಮಲಗಿರುವ ಮನುಷ್ಯನ ಕಣ್ಣನ್ನು ನೀವು ಒಮ್ಮೆ ನಮ್ಮ ವಾರ್ಡಿಗೆ ಬಂದು ನೋಡಬೇಕು. ಪೈಪ್ ಇರುವ ಹಸುಗೂಸು ಅತ್ತರೂ ಅಮ್ಮನಿಗೆ ಕೇಳಿಸುವುದಿಲ್ಲ. ಆದ್ದರಿಂದ ರಾತ್ರಿ ಒಬ್ಬರು ಪಕ್ಕದಲ್ಲೇ ಇರಬೇಕು. ದೊಡ್ಡವರ ಕೈಗೆ ಒಂದು ಗಂಟೆ ಕಟ್ಟಿ, ಸ್ಲೇಟು ಬಳಪ ಕೊಡಿ. ಮಾತಾಡಲು ನೆರವಾಗುವ ವಾಲ್ವ್ ಸಿಗುತ್ತದೆ. ಅದನ್ನು ಡಾಕ್ಟರ್ ಹೇಳದೆ ಹಾಕಬಾರದು. ಬಲೂನ್ ಊದಿದ್ದಾಗ ಅದನ್ನು ಹಾಕಿದರೆ ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಪ್ರಾಣ ಹೋಗುತ್ತದೆ.

ಇದನ್ನು ಓದುತ್ತಿರುವ ಮನೆಯವರಿಗೆ ಕೆಲವು ಮಾತು. ಡಿಸ್ಚಾರ್ಜ್ ಅಂದ ದಿನ ನಾಚಿಕೊಳ್ಳದೆ ಕೇಳಿ, "ಸಿಸ್ಟರ್, ನನ್ನ ಕೈಲಿ ಮಾಡಿಸ್ರಿ, ಆಮ್ಯಾಲೆ ಹೋಗ್ತೀವಿ" ಅನ್ನಿ. ನಿಮ್ಮ ಪೈಪಿನ ಅಳತೆ ಎಷ್ಟು ಅಂತ ಬರೆಸಿಕೊಳ್ಳಿ. ಸಕ್ಷನ್ ನಳಿಗೆಯ ದಪ್ಪ ಪೈಪಿನ ಒಳ ಅಗಲದ ಅರ್ಧಕ್ಕಿಂತ ಹೆಚ್ಚಿರಬಾರದು. 8ನೇ ನಂಬರಿನ ಪೈಪಿಗೆ 12ನೇ ನಂಬರಿನ ನಳಿಗೆ ಸರಿ. ಕೈ ತೊಳೆದುಕೊಂಡು, ನಳಿಗೆಯನ್ನು ಮಷಿನ್ನಿನ ಎಳೆತ ಇಲ್ಲದೆ ಒಳಗೆ ಬಿಟ್ಟು, ಹೊರಗೆ ತರುವಾಗ ಮಾತ್ರ ಕಫ ಎಳೆಯಬೇಕು. ಒಂದು ಸಲಕ್ಕೆ 10ರಿಂದ 15 ಸೆಕೆಂಡ್, ಅಷ್ಟೇ. ಆ ಹೊತ್ತಿನಲ್ಲಿ ರೋಗಿಗೆ ಉಸಿರು ಸಿಗುತ್ತಿರುವುದಿಲ್ಲ ಅನ್ನುವುದು ನೆನಪಿರಲಿ. ಒಳಗಿನ ಪೈಪನ್ನು ದಿನಕ್ಕೆ ಮೂರು ನಾಲ್ಕು ಸಲ ತೆಗೆದು ನೋಡಿ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಟೇಪ್ ಮತ್ತು ಕೊರಳಿನ ನಡುವೆ ಒಂದು ಬೆರಳು ಹೋಗುವಷ್ಟು ಸಡಿಲ ಸಾಕು.

ರಂಧ್ರದ ಸುತ್ತ ಎಣ್ಣೆ, ಅರಿಶಿನ, ಪೌಡರ್ ಯಾವುದೂ ಬೇಡ. ಹತ್ತಿ ಇಡಬೇಡಿ. ಗಾಜ್ ಬಟ್ಟೆಯನ್ನು ಕತ್ತರಿಸಿ ಇಡಬೇಡಿ, ಎಳೆ ಕಿತ್ತು ಉಸಿರಿನ ಜೊತೆ ಒಳಗೆ ಹೋಗುತ್ತದೆ. ತೆಳುವಾದ ಒದ್ದೆ ಬಟ್ಟೆಯನ್ನು ಪೈಪಿನ ಮುಂದೆ ಸಡಿಲವಾಗಿ ಇಳಿಬಿಟ್ಟರೆ ಧೂಳೂ ತಡೆಯುತ್ತದೆ, ತೇವವೂ ಸಿಗುತ್ತದೆ. ಸಂಕ್ರಾಂತಿಗೆ ಕೂಡಲಸಂಗಮದಲ್ಲಿ ಮುಳುಗು ಹಾಕುವ ಹರಕೆ ಇದ್ದರೆ ಪೈಪ್ ತೆಗೆದ ಮೇಲೆ ತೀರಿಸಿ. ಕೊರಳಿನವರೆಗೆ ನೀರು ಬಂದರೆ ಅದು ಶ್ವಾಸಕೋಶಕ್ಕೇ ಹೋಗುತ್ತದೆ. ಮನೆಯಲ್ಲೂ ತಲೆಯ ಮೇಲೆ ನೀರು ಸುರಿಯಬೇಡಿ.

ದಾರಿ ಗಟ್ಟಿಯಾದ ಮೇಲೆ ಪೈಪ್ ಹೊರಗೆ ಬಂದರೆ ರಂಧ್ರ ತಕ್ಷಣ ಮುಚ್ಚುವುದಿಲ್ಲ, ಸ್ವಲ್ಪ ಸಮಯ ಇರುತ್ತದೆ. ಹೆಗಲ ಕೆಳಗೆ ದಿಂಬು ಇಟ್ಟು ಕೊರಳು ಮೇಲಕ್ಕೆ ಬರುವಂತೆ ಮಲಗಿಸಿ, ಕಲಿಸಿದ ಹಾಗೆ ಅದೇ ಅಳತೆಯ ಪೈಪ್ ಹಾಕಿ ನೋಡಿ. ಹೋಗದಿದ್ದರೆ ಚಿಕ್ಕ ಅಳತೆಯದು. ಬಲ ಹಾಕಿ ತಳ್ಳಬೇಡಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಲಿ. ಇಬ್ಬರು ಕಲಿಯಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಮತ್ತೆ ನಿಮ್ಮ ಕಡೆಗೆ, ಮಾನ್ಯರೇ. ಪೈಪ್ ಹಾಕಿದವರು ಅದನ್ನು ಯಾವಾಗ ತೆಗೆಯಬೇಕು ಅಂತ ಹೇಳದೆ ಕಳಿಸುವುದು ತುಂಬಾ ಇದೆ. ಕಾರಣ ಮುಗಿದು ತಿಂಗಳಾದರೂ ಪೈಪ್ ಹಾಗೇ ಇರುತ್ತದೆ. ಊರವರು ನೋಡುವ ರೀತಿಗೆ ಬೇಸತ್ತು ಹೊರಗೆ ಬರುವುದನ್ನೇ ಬಿಟ್ಟವರಿದ್ದಾರೆ. ಪ್ರತಿ ಡಿಸ್ಚಾರ್ಜ್ ಕಾರ್ಡಿನಲ್ಲಿ ಮೂರು ವಿಷಯ ಕನ್ನಡದಲ್ಲಿ ಕಡ್ಡಾಯ ಮಾಡಿ: ಪೈಪಿನ ವಿಧ ಮತ್ತು ಅಳತೆ, ಮೇಲಿನ ದಾರಿ ತೆರೆದಿದೆಯೋ ಇಲ್ಲವೋ, ತೆಗೆಯುವ ಬಗ್ಗೆ ಯಾವಾಗ ಯಾರನ್ನು ನೋಡಬೇಕು. ಆ ಕಾರ್ಡಿನ ಒಂದು ಪ್ರತಿ ತಾಲೂಕು ಆರೋಗ್ಯಾಧಿಕಾರಿಗೆ ಹೋಗಲಿ. ಅಲ್ಲಿಂದ ಆ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಾಗಲಿ. ಗರ್ಭಿಣಿಯರ ಪಟ್ಟಿ, ಟಿಬಿ ರೋಗಿಗಳ ಪಟ್ಟಿ ಇಟ್ಟುಕೊಳ್ಳುವ ವ್ಯವಸ್ಥೆ ನಮ್ಮಲ್ಲಿ ಚೆನ್ನಾಗಿಯೇ ಇದೆ. ಒಂದು ತಾಲೂಕಿನಲ್ಲಿ ಕೊರಳಲ್ಲಿ ಪೈಪ್ ಇರುವವರು ಕೆಲವೇ ಜನ. ಅವರ ಪಟ್ಟಿ ಕಷ್ಟವಲ್ಲ.

ತಾಲೂಕು ಮಟ್ಟದಲ್ಲಿ ಇದೆಲ್ಲ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಹೃದಯ ಜ್ಯೋತಿ ಯೋಜನೆ ನೋಡಿ ಅನ್ನುತ್ತೇನೆ. ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯಾಘಾತ ಆದವರಿಗಾಗಿ ನೀವೇ ಶುರು ಮಾಡಿದ್ದು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸಿದರೆ ದೊಡ್ಡ ಆಸ್ಪತ್ರೆಯ ತಜ್ಞರು ನಿಮಿಷಗಳಲ್ಲಿ ಹೇಳುತ್ತಾರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಅದೇ ದಾರಿ ಇಲ್ಲೂ ನಡೆಯುತ್ತದೆ. ಬೆಳಗಾವಿಯ ಬಿಮ್ಸ್ ಸರ್ಕಾರಿ ಕಾಲೇಜು. ಬಾಗಲಕೋಟೆಯಲ್ಲಿ, ವಿಜಯಪುರದಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿವೆ. ಎಲ್ಲ ಕಡೆ ಗಂಟಲ ತಜ್ಞರಿದ್ದಾರೆ. ತಾಲೂಕಿನ ನರ್ಸ್ ರಾತ್ರಿ ಎರಡು ಗಂಟೆಗೆ ವಿಡಿಯೊ ಕರೆ ಮಾಡಿದರೆ ಎತ್ತುವ ಒಂದು ನಂಬರ್ ಮೂರು ಜಿಲ್ಲೆಗೆ ಸೇರಿ ಇದ್ದರೂ ಸಾಕು.

ಕಬ್ಬಿನ ಸೀಸನ್ ಶುರುವಾದರೆ ನಮ್ಮ ಐಸಿಯುಗೆ ತಲೆ ಪೆಟ್ಟಿನ ಹುಡುಗರು ಬರುವುದು ಜಾಸ್ತಿ ಆಗುತ್ತದೆ. ಅದಕ್ಕೆ ಮುಂಚೆ ಮೂರೂ ಜಿಲ್ಲೆಗಳ ತಾಲೂಕು ಆಸ್ಪತ್ರೆಯ ಸಿಬ್ಬಂದಿಗೆ, 108ರವರಿಗೆ ಒಂದೊಂದು ಅರ್ಧ ದಿನದ ತರಬೇತಿ ಇಡಿ. ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಕೆಲವು ನರ್ಸ್‌ಗಳು ನಮ್ಮ ವಾರದ ರಜೆಯ ದಿನ ಬಂದು ಕಲಿಸಲು ಸಿದ್ಧ ಇದ್ದೇವೆ. ಸಂಬಳ ಬೇಡ. ಗೊಂಬೆ, ಪೈಪ್, ನಳಿಗೆ ನೀವು ಒದಗಿಸಿ, ದಿನ ಗೊತ್ತುಮಾಡಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಿಂದ ಪ್ರಕಟಣೆ ಕೊಡಿ.

ಇಂತಿ,
ಐಸಿಯು ನರ್ಸ್ ಒಬ್ಬರು
ವಿಜಯಪುರ